ನಕ್ಷೆ ಬಿಡಿಸಿದ್ದು, ಜಗಳ ಬಿಡಿಸಿದ್ದು

ನಕ್ಷೆ ತಂದವನು ನಾನೇ. ಮಾರ್ಕರ್ ಪೆನ್ನೂ ನನ್ನದೇ. ಇವೆರಡನ್ನು ಪೊಲೀಸರ ಮುಂದೆ ಒಪ್ಪಿಕೊಳ್ಳುವುದು ಕಷ್ಟವಾಗಲಿಲ್ಲ, ಅವತ್ತೇ ಹೇಳಿಬಿಟ್ಟೆ. ಹೇಳಬೇಕಾದ ಮೂರನೆಯದೊಂದಿತ್ತು. ಅದನ್ನು ಹೇಳಲು ನನಗೆ ನಾಲ್ಕು ವಾರ ಬೇಕಾಯಿತು.

ಡಾರ್ಮ್‌ಸ್ಟಾಟ್‌ನಲ್ಲಿ ನಾವಿರುವುದು ಎಂಟು ಮನೆಗಳ ಹಳೆಯ ಕಟ್ಟಡ, ಹಿಂದೆ ಒಂದು ಅಂಗಳ. ನೆಲಮಹಡಿಯಲ್ಲಿರುವ ನಿವೃತ್ತ ಶಿಕ್ಷಕಿ ಪ್ರತಿ ಬೇಸಿಗೆಯಲ್ಲಿ ಅಂಗಳದಲ್ಲಿ ಹೋಫ್‌ಫೆಸ್ಟ್ ಮಾಡುತ್ತಾರೆ. ಎಲ್ಲರೂ ಒಂದೊಂದು ಅಡುಗೆ ತಂದು, ಗ್ರಿಲ್ ಹಚ್ಚಿ, ಮಳೆ ಬರುವ ತನಕ ಬೆಂಚಿನ ಮೇಲೆ ಕೂರುವ ಕಾರ್ಯಕ್ರಮ. ಆ ವರ್ಷ ಅವರಿಗೊಂದು ಹೊಸ ಯೋಚನೆ ಬಂತು. ಗೋಡೆಗೆ ಜಗತ್ತಿನ ದೊಡ್ಡ ನಕ್ಷೆ ಹಚ್ಚುವುದು, ಪ್ರತಿಯೊಬ್ಬರೂ ತಮ್ಮ ಊರಿರುವಲ್ಲಿ ಗುಂಡುಪಿನ್ನು ಚುಚ್ಚುವುದು. ನಕ್ಷೆ ತರುವ ಕೆಲಸ ನನ್ನ ಪಾಲಿಗೆ ಬಂತು. ಈ ಕಟ್ಟಡದಲ್ಲಿ 'ಆಗುವುದಿಲ್ಲ' ಎನ್ನಲು ಹೆದರುವವನು ನಾನೊಬ್ಬನೇ ಎಂಬುದು ಅವರಿಗೆ ಗೊತ್ತಿದೆ.

ಹೆದರಿಕೆ ನನ್ನ ನಿತ್ಯದ ಕಸುಬು. ನಡುರಸ್ತೆಯಲ್ಲಿ ಒಂದು ನರಪಿಳ್ಳೆ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಂತುಕೊಳ್ಳುತ್ತೇನೆ. ಮನೆಯಲ್ಲಿ ಗ್ಯಾಸ್ ಇಲ್ಲ, ಆದರೂ ಊರಿಗೆ ಹೊರಟಾಗ ಗ್ಯಾಸ್ ಆಫ್ ಮಾಡಿದೆನೇ ಎಂದು ದಾರಿಯಲ್ಲಿ ನಿಂತು ಯೋಚಿಸುತ್ತೇನೆ. ಆ ವರ್ಷವಂತೂ ಹೆದರಿಕೆಗೆ ಅಧಿಕೃತ ಕಾರಣವೇ ಇತ್ತು. ಜರ್ಮನ್ ಪೌರತ್ವಕ್ಕೆ ಅರ್ಜಿ ಹಾಕಿದ್ದೆ. ಕಡತ ಯಾವುದೋ ಕಚೇರಿಯಲ್ಲಿ ಮಲಗಿತ್ತು. ಅದು ಏಳುವ ತನಕ ನನ್ನ ಮೇಲೆ ಒಂದೂ ಕೇಸು ಇರಬಾರದು.

ನಕ್ಷೆಯನ್ನು ಊಟದ ಮೇಜಿನ ಮೇಲೆ ಹರವಿದಾಗ ಮೊದಲು ನೋಡಿದ್ದು ಕಾಶ್ಮೀರವನ್ನು. ಇದು ನಮ್ಮವರ ಚಾಳಿ. ಹೊರದೇಶದ ಯಾವ ನಕ್ಷೆ ಸಿಕ್ಕರೂ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ನಿರೀಕ್ಷಿಸಿದಂತೆಯೇ ಅಲ್ಲಿ ಚುಕ್ಕೆಗೆರೆಗಳು. ಐದನೆಯ ಇಯತ್ತೆಯಲ್ಲಿ ನಾನು ಬಿಡಿಸಿದ ಭಾರತದ ನಕಾಶೆ ನೋಡಿ ಮಾಸ್ತರರು, "ದೇಶದ ರುಂಡಾನ ಹಾರಸೀಯಲ್ಲೋ ಭಾಡ್ಯಾ" ಎಂದು ಮರದ ಸ್ಕೇಲನ್ನು ನೆಟ್ಟಗೆ ಹಿಡಿದು ಅದರ ಅಂಚಿನಿಂದ ನನ್ನ ಬೆರಳ ಗೆಣ್ಣುಗಳ ಮೇಲೆ ಹೊಡೆದಿದ್ದರು. ಒಂದೊಂದು ಗೆಣ್ಣಿಗೆ ಒಂದೊಂದು. ಎರಡು ಗೆಣ್ಣು ಒಡೆದು ನಕಾಶೆಯ ಮೇಲೆ ರಕ್ತ ಬಿತ್ತು, ಹೆಚ್ಚುಕಡಿಮೆ ಗುಜರಾತಿನ ಹತ್ತಿರ. ನಲವತ್ತು ವರ್ಷದ ಮೇಲೂ ಆ ಗೆರೆ ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಜೊತೆಗೆ ಇನ್ನೊಂದು ಭಯ: ಹೋಫ್‌ಫೆಸ್ಟ್ ಫೋಟೋ ಊರಿನ ವಾಟ್ಸಾಪ್ ಗುಂಪಿಗೆ ಹೋಗುತ್ತದೆ, ಯಾರಾದರೂ ಹಿಂದಿನ ಗೋಡೆಯನ್ನು ದೊಡ್ಡದು ಮಾಡಿ ನೋಡುತ್ತಾರೆ. ಕಪ್ಪು ಮಾರ್ಕರ್ ತೆಗೆದು ಕಿರೀಟದ ಸುತ್ತ ದಪ್ಪಗೆ ಗೆರೆ ಬಿಡಿಸಿದೆ.

ಹೆಂಡತಿ ಶೇಂಗಾ ಬಿಡಿಸುತ್ತ ಕೂತಿದ್ದವಳು ಕತ್ತೆತ್ತಿ ನೋಡಿದಳು. "ನಾಳೆ ಭಾರತದ ಪಾಸ್‌ಪೋರ್ಟ್ ತಿರುಗಿ ಕೊಟ್ಟು ಬರಾವ್ರು ನೀವು. ಇವತ್ತ ಕುಂತು ದೇಶದ ಗಡಿ ತಿದ್ದಾಕತ್ತೀರೇನ್ರಿ?"

"ಕೊಡೂತನಕ ನಮ್ಮ ಜವಾಬ್ದಾರಿ ಅಲ್ಲೇನು?"

"ಹೌದ್ಹೌದು. ನೀವು ಇಲ್ಲದಿದ್ರ ಅದನ್ನ ಕಾಯಾವ್ರು ಯಾರದಾರ."

ಮಗಳು ಮೊಬೈಲಿನಿಂದ ಕಣ್ಣೆತ್ತದೆ ಜರ್ಮನ್‌ನಲ್ಲಿ, "ಪಪ್ಪಾ, ಅದು ಬರೀ ಪೋಸ್ಟರ್" ಎಂದಳು.

ಆ ಪೋಸ್ಟರಿನಲ್ಲಿ ಇನ್ನೊಂದು ಚುಕ್ಕೆಗೆರೆ ಇತ್ತು. ಅದು ಇದ್ದದ್ದು ಅಕ್ಕಿಕಾಳಿನಷ್ಟು ಜಾಗದ ಸುತ್ತ, ಸೆರ್ಬಿಯಾದ ಕೆಳಗೆ. ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಬೀಳಬೇಕಿತ್ತು. ಯಾಕೆಂದರೆ ಆ ಅಕ್ಕಿಕಾಳಿನೊಳಗಿಂದ ಬಂದ ಇಬ್ಬರು ನಮ್ಮ ಕಟ್ಟಡದಲ್ಲೇ ಇದ್ದರು.

ಎರಡನೆಯ ಮಹಡಿಯವನು ಟ್ರಾಮ್ ಚಾಲಕ, ಸೆರ್ಬ್. ಸೆರ್ಬರು ತಮ್ಮದೆನ್ನುವ, ಅಲ್ಬೇನಿಯನ್ನರು ಬೇರೆ ದೇಶವೆನ್ನುವ ಕೊಸೊವೊದ ಒಂದು ಊರಿನವನು. ಆ ಊರನ್ನು ನದಿಯೊಂದು ಎರಡು ಹೋಳು ಮಾಡುತ್ತದೆ, ಉತ್ತರದ ದಂಡೆಯಲ್ಲಿ ಸೆರ್ಬರು, ದಕ್ಷಿಣದಲ್ಲಿ ಅಲ್ಬೇನಿಯನ್ನರು. ನಾನು ಬೆಳಿಗ್ಗೆ ಚೀಲ ಎದೆಗವಚಿಕೊಂಡು ಓಡಿ ಬರುವುದು ಕನ್ನಡಿಯಲ್ಲಿ ಕಂಡರೆ ಹತ್ತು ಸೆಕೆಂಡು ಟ್ರಾಮ್ ನಿಲ್ಲಿಸುತ್ತಿದ್ದ. ಈ ದೇಶದಲ್ಲಿ ಅದು ಆಸ್ತಿ ಬರೆದುಕೊಟ್ಟಷ್ಟು ದೊಡ್ಡ ಸ್ನೇಹ. ನನ್ನನ್ನು 'ನಾಖ್‌ಬಾರ್' ಎನ್ನುತ್ತಿದ್ದ, ನೆರೆಯವನೇ ಎಂದು. ಅವನ ಜರ್ಮನ್ ನನ್ನದರಷ್ಟೇ ಕುಂಟುವುದರಿಂದ ಕಿವಿಗೆ ಬೀಳುವಷ್ಟರಲ್ಲಿ ನಮ್ಮೂರ ಮಾತಾಗಿಬಿಡುತ್ತಿತ್ತು.

ಅವನ ಅಜ್ಜನ ಮನೆ ನದಿಯ ದಕ್ಷಿಣಕ್ಕಿತ್ತು. ತೊಂಬತ್ತೊಂಬತ್ತರ ಯುದ್ಧ ಮುಗಿದು ಅವನ ಕಡೆಯ ಸೈನ್ಯ ಹಿಂದೆ ಹೋದ ಮೇಲೆ, ಒಂದು ಮಧ್ಯಾಹ್ನ ಅಲ್ಬೇನಿಯನ್ನರ ಗುಂಪು ಬಂತಂತೆ. ಬೆಂಕಿಯ ಬಾಟಲಿ ಮೊದಲು ಎಸೆದವನು ಆಚೆಮನೆಯ ಹುಡುಗ, ಇವನಿಂದಲೇ ಸೈಕಲ್ ಕಲಿತವನು. ಅಜ್ಜನನ್ನು ಹೊರಗೆಳೆದು ಬೇಲಿಯ ಗೂಟದಿಂದ ಸೊಂಟಕ್ಕೆ ಹೊಡೆದರು. "ಅಜ್ಜ ಕೂಗಲಿಲ್ಲ. ಹೊಡೆಯುವವರ ಹೆಸರು ಒಬ್ಬೊಬ್ಬರದೇ ಹೇಳುತ್ತಿದ್ದ. ಎಲ್ಲರ ಹೆಸರೂ ಅವನಿಗೆ ಗೊತ್ತಿತ್ತು," ಎಂದಿದ್ದ. ಈಗ ಅವನ ತಾಯಿ ಉತ್ತರದ ದಂಡೆಯಲ್ಲಿದ್ದಾಳೆ. ತೀರ ಇತ್ತೀಚಿನವರೆಗೆ ಆಕೆಯ ಕಾರಿಗೆ ಎರಡು ನಂಬರ್ ಪ್ಲೇಟ್ ಇದ್ದವಂತೆ, ಸೇತುವೆಯ ಈಚೆ ಒಂದು ದೇಶದ್ದು, ಆಚೆ ಇನ್ನೊಂದು ದೇಶದ್ದು. ಡ್ಯಾಶ್‌ಬೋರ್ಡಿನೊಳಗೆ ಸದಾ ಒಂದು ಸ್ಕ್ರೂಡ್ರೈವರ್.

ನಾಲ್ಕನೆಯ ಮಹಡಿಯವನು ಟೈಲ್ಸ್ ಕೂರಿಸುವವನು, ಅಲ್ಬೇನಿಯನ್. ಅದೇ ಊರು, ನದಿಯ ದಕ್ಷಿಣ ದಂಡೆ. ಅವನು ಎಲ್ಲರನ್ನೂ ಕರೆಯುವಂತೆ ನನ್ನನ್ನೂ 'ಷೆಫ್' ಎನ್ನುತ್ತಿದ್ದ, ಯಜಮಾನ್ರೇ ಎನ್ನುವ ಹಾಗೆ. ನಮ್ಮ ಬಚ್ಚಲಮನೆಯ ಒಡೆದ ಟೈಲ್ ಬದಲಿಸುತ್ತ, ಮೊಣಕಾಲೂರಿ, ಗೋಡೆಗೆ ಹೇಳುವಂತೆ ತನ್ನ ಕತೆ ಹೇಳಿದ. ಯುದ್ಧದ ದಿನಗಳಲ್ಲಿ ಮುಖ ಮುಚ್ಚಿಕೊಂಡ ಮೂವರು ಸೆರ್ಬರು ಅಡುಗೆಮನೆಗೆ ನುಗ್ಗಿದರು. ಅಮ್ಮ ಒಲೆಯ ಮೇಲಿಟ್ಟದ್ದನ್ನು ಇಳಿಸಲೂ ಬಿಡಲಿಲ್ಲ. ಇಡೀ ಓಣಿಯನ್ನು ರಸ್ತೆಗೆ ತಂದು, ಗಂಡಸರನ್ನು ಒಂದು ಕಡೆ ನಿಲ್ಲಿಸಿ, ಉಳಿದವರನ್ನು ನಡೆಯಿರಿ ಎಂದರು. ಇವನಿಗಿನ್ನೂ ಮೀಸೆ ಬಂದಿರಲಿಲ್ಲ, ಹಾಗಾಗಿ ಹೆಂಗಸರ ಜೊತೆ ನಡೆದ. ತಿರುವು ದಾಟಿದ ಮೇಲೆ ಹಿಂದಿನಿಂದ ಗುಂಡಿನ ಸದ್ದು. ಗಡಿಯಲ್ಲಿ ಗುರುತುಪತ್ರಗಳನ್ನು ಕಿತ್ತುಕೊಂಡರು. ಟ್ರ್ಯಾಕ್ಟರುಗಳ ನಂಬರ್ ಪ್ಲೇಟನ್ನೂ ಬಿಚ್ಚಿಕೊಂಡರು, ಈ ಜನ ಎಲ್ಲಿಯವರೂ ಅಲ್ಲ ಎಂದು ಆಗಲಿ ಅಂತ. ಗಂಡಸರ ಜೊತೆ ನಿಂತಿದ್ದ ಅಣ್ಣ ಎಷ್ಟೋ ವರ್ಷದ ಮೇಲೆ ಚೀಲದಲ್ಲಿ ಬಂದ. ಅಮ್ಮ ತಾನು ಹೆಣೆದ ಸ್ವೆಟರಿನ ತೋಳಿನಿಂದ ಗುರುತು ಹಿಡಿದಳು.

"ಕೊಸೊವೊ ಅಲ್ಲ ಷೆಫ್. ಕೊಸೊವಾ," ಎಂದು ಕೊನೆಗೆ ತನ್ನ ಭಾಷೆಯಂತೆ ನನ್ನ ಉಚ್ಚಾರ ತಿದ್ದಿದ.

ನಾಲ್ಕು ವರ್ಷದಲ್ಲಿ ಆ ಇಬ್ಬರೂ ಒಬ್ಬರಿಗೊಬ್ಬರು ಒಂದು ಮಾತಾದರೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಕೆಳಗಿನ ಬಾಗಿಲನ್ನು ಮಾತ್ರ ಒಬ್ಬರಿಗೊಬ್ಬರು ಹಿಡಿದು ನಿಲ್ಲುತ್ತಿದ್ದರು, ಮುಖ ನೋಡದೆ. ಇಬ್ಬರಿಗೂ ಬೇಕಾದವನು ನಾನು ಎಂದು ಒಳಗೊಳಗೇ ನನಗೊಂದು ಹೆಮ್ಮೆ. ಒಮ್ಮೆ ಟ್ರಾಮ್ ಚಾಲಕನಿಗೆ, ನಾನೂ ಗಡಿ ತಂಟೆಯ ಊರಿನವನೇ, ಬೆಳಗಾವಿ ಅಂತ, ಎರಡು ರಾಜ್ಯ ನಮ್ಮದು ನಮ್ಮದು ಎನ್ನುತ್ತವೆ ಎಂದು ಹೇಳಿದೆ.

"ಎಷ್ಟು ಮನೆ ಸುಟ್ಟರು?" ಎಂದ.

"ಮನೆ ಅಂತಲ್ಲ. ಬಸ್ಸು."

"ಬಸ್ಸು," ಎಂದ. ನಕ್ಕು ನನ್ನ ಬೆನ್ನು ತಟ್ಟಿದ.

ಅವನ ಲೆಕ್ಕಕ್ಕೆ ಅದು ನಗುವ ವಿಷಯವೇ. ಆದರೆ ನಾನು ಕಂಡದ್ದನ್ನೂ ಹೇಳುತ್ತೇನೆ. ನವೆಂಬರ್ ಒಂದರಂದು ನಮ್ಮ ಓಣಿಯಲ್ಲಿ ಹಳದಿ ಕೆಂಪು ಬಾವುಟ, ಎರಡು ಓಣಿ ಆಚೆ ಕಪ್ಪುಪಟ್ಟಿ. ಒಂದು ವರ್ಷ ಬಸ್‌ಸ್ಟ್ಯಾಂಡಿನ ಹತ್ತಿರ ಗುಂಪೊಂದು ನಮ್ಮ ಕೆಂಪು ಬಸ್ಸಿನ ಕನ್ನಡ ಬೋರ್ಡಿಗೆ ಮಸಿ ಬಳಿಯಿತು. ಕೆಳಗಿಳಿದ ಕಂಡಕ್ಟರನ ಮುಖಕ್ಕೂ ಬಳಿದರು. ಮಸಿ ಕಣ್ಣಿಗೆ ಹೋಗಿ ಅವನು ಕುರುಡನಂತೆ ಕೈಚಾಚಿ ನಿಂತಿದ್ದಾಗ ಯಾರೋ ಕಲ್ಲೆಸೆದರು. ದವಡೆ ಮುರಿದು ಬಾಯಿಂದ ಹಲ್ಲು ರಕ್ತ ಒಟ್ಟಿಗೆ ಬಂತು. ಅವನು ಅಳುತ್ತ ತನ್ನ ಅವ್ವನನ್ನು ಕರೆದ. ಕರೆದದ್ದು ಮರಾಠಿಯಲ್ಲಿ, ಹೊಡೆದವರ ಭಾಷೆಯಲ್ಲೇ. ಹೊಡೆದವರು ಒಂದು ಕ್ಷಣ ಪೆಚ್ಚಾದರು. ಆಮೇಲೆ ಮುಂದಿನ ಬಸ್ಸಿಗೆ ಹೋದರು. ಮರುದಿನ ನಮ್ಮ ಓಣಿಯವರು ಆಚೆಯ ಬಸ್ಸಿಗೆ ಅದನ್ನೇ ಮಾಡಿದರು. ಅಲ್ಲಿ ಯಾರ ದವಡೆ ಹೋಯಿತೋ ನನಗೆ ಗೊತ್ತಿಲ್ಲ, ನಾವು ಕೇಳಲಿಲ್ಲ.

ಇಂಥ ದಿನಗಳಲ್ಲಿ ನಮ್ಮ ಕಾಕಾನಿಗೆ ಬಿಡುವೇ ಇರುತ್ತಿರಲಿಲ್ಲ. ಗರಡಿಯಲ್ಲಿ ಮೈಕಟ್ಟು ಬೆಳೆಸಿದವನು, ಜಗಳ ಬಿಡಿಸುವುದರಲ್ಲಿ ಹೆಸರುವಾಸಿ. ಮದುವೆಯಾಗಲಿ, ಚುನಾವಣೆಯಾಗಲಿ, ಗಡಿ ಗಲಾಟೆಯಾಗಲಿ, "ಬಿಡಸಾಕ ಕಾಕಾನ್ನ ಕರೀರಿ" ಎನ್ನುತ್ತಿದ್ದರು. ಹಿಂದಿನಿಂದ ಹೋಗಿ ಕಂಕುಳಡಿ ಕೈ ತೂರಿಸಿ ಕತ್ತಿನ ಹಿಂದೆ ಬೆರಳು ಹೆಣೆದುಬಿಟ್ಟರೆ ಆ ಹಿಡಿತದಿಂದ ಎತ್ತೂ ಬಿಡಿಸಿಕೊಳ್ಳುವಂತಿರಲಿಲ್ಲ. ನನಗೂ ಕಲಿಸಿದ್ದ. "ನೆನಪಿಡು," ಎನ್ನುತ್ತಿದ್ದ. "ಎದುರಿನವನ ಮೈಮುಟ್ಟಬ್ಯಾಡ, ಮುಟ್ಟಿದ್ರ ನೀನೂ ಹೊಡ್ಯಾಕ ಬಂದಿ ಅಂತಾರ. ನಿನ್ನ ಮನಶ್ಯಾನ ನೀ ಹಿಡಿ. ಅವರ ಮನಶ್ಯಾನ ಅವರು ಹಿಡೀತಾರ." ನಮ್ಮಲ್ಲಿ ಹೊಡೆದಾಟಕ್ಕಿಳಿಯುವವರ ಅರ್ಧ ಧೈರ್ಯ ಇದರದ್ದೇ. ಹಿಡಿಯುವವರು ಬಂದೇ ಬರುತ್ತಾರೆ ಎಂಬ ಭರವಸೆಯಲ್ಲಿ "ಬಿಡ್ರಿ ನನ್ನ, ಬಿಡ್ರಿ" ಎಂದು ಅಬ್ಬರಿಸುವುದು. ನಿಜವಾಗಿ ಬಿಟ್ಟರೆ ಏನು ಮಾಡಬೇಕೆಂದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ.

ಹೋಫ್‌ಫೆಸ್ಟ್ ಶನಿವಾರ ಮಧ್ಯಾಹ್ನ. ನಕ್ಷೆಯನ್ನು ಸೈಕಲ್ ನಿಲ್ಲಿಸುವ ಗೋಡೆಗೆ ಅಂಟಿಸಿದೆ. ಟೈಲ್ಸ್‌ನವನು ಮೊದಲು ಬಂದ. ಕೈಯಲ್ಲಿ ಪಿನ್ನು ಹಿಡಿದು ತನ್ನ ಊರು ಹುಡುಕುತ್ತ ಏಷ್ಯಾದ ಕಡೆ ನೋಡಿ ನಿಂತ.

"ಷೆಫ್, ಈ ಕಪ್ಪುಗೆರೆ ನೀನು ಬರೆದದ್ದಾ?"

"ತಪ್ಪಿತ್ತು. ತಿದ್ದಿದೆ."

"ಹಾಗೆ ತಿದ್ದಬಹುದಾ?"

ತಮಾಷೆಗೆ, "ನಕ್ಷೆ ನಾನೇ ತಂದದ್ದಲ್ಲವಾ" ಎಂದೆ. ಅವನು ಕೈ ಚಾಚಿದ. ಅಂಗಿಯ ಜೇಬಿನಿಂದ ಮಾರ್ಕರ್ ತೆಗೆದು ಕೊಟ್ಟೆ. ಕೊಟ್ಟದ್ದು ಸರಿಯಾಗಿ ನೆನಪಿದೆ, ಮುಚ್ಚಳ ತೆಗೆದೇ ಕೊಟ್ಟೆ.

ಅವನು ಚುಕ್ಕೆಗೆರೆಯ ಮೇಲೆ ಗೆರೆ ಎಳೆಯಲು ಹೋದ. ಮಾರ್ಕರಿನ ತುದಿ ಅವನ ನಾಡಿಗಿಂತ ದಪ್ಪವಿತ್ತು. ಗಡಿ ಬರಲಿಲ್ಲ, ಒಂದು ಕಪ್ಪು ಬೊಟ್ಟು ಬಂತು. ಅದರ ನಡುವೆ ಪಿನ್ನು ಚುಚ್ಚಿ, "ಈಗ ಸರಿ," ಎಂದ.

ಟ್ರಾಮ್ ಚಾಲಕ ಗ್ರಿಲ್ಲಿನಿಂದ ಮಾಂಸದ ತಟ್ಟೆ ಹಿಡಿದು ಬಂದು ನೋಡಿದ. ತಟ್ಟೆಯನ್ನು ನಿಧಾನವಾಗಿ ಬೆಂಚಿನ ಮೇಲಿಟ್ಟ. ಪಿನ್ನನ್ನು ಕಿತ್ತ. "ನನ್ನ ಅಜ್ಜನ ಮನೆಯ ಮೇಲೆ ಮಸಿ ಹಾಕಿದ್ದು ಯಾರು?" ಎಂದು ನನ್ನನ್ನು ಕೇಳಿದ. ನಾನು ನಕ್ಷೆಯನ್ನು ನೋಡಿದೆ. ಆಗ ಟೈಲ್ಸ್‌ನವನು ಸೆರ್ಬಿಯನ್ ಭಾಷೆಯಲ್ಲಿ ಒಂದೇ ಒಂದು ವಾಕ್ಯ ಹೇಳಿದ. ನಾಲ್ಕು ವರ್ಷದಲ್ಲಿ ಅವನ ಬಾಯಲ್ಲಿ ಆ ಭಾಷೆ ಕೇಳಿದ್ದು ಅದೇ ಮೊದಲು. ತಡವರಿಕೆಯಿಲ್ಲದ, ಸ್ವಚ್ಛ ಮಾತು. ಅರ್ಥ ಆಮೇಲೆ ತಿಳಿಯಿತು: ನಿನ್ನ ಅಜ್ಜ ಎದ್ದು ನಡೆದು ಹೋದ, ನನ್ನ ಅಣ್ಣ ಏಳಲೇ ಇಲ್ಲ.

ಚಾಲಕನ ಮುಷ್ಟಿ ಅವನ ಬಾಯಿಗೆ ಬಿತ್ತು. ಹಲ್ಲು ಮುರಿದ ಸದ್ದು ಶೇಂಗಾ ಸಿಪ್ಪೆ ಒಡೆದ ಹಾಗೆ, ಅಷ್ಟೇ ಸಣ್ಣದು. ತಲೆ ಗೋಡೆಗೆ ಬಡಿದು ನಕ್ಷೆಯ ಮೇಲೆ, ಶಾಂತಸಾಗರದ ಉದ್ದಕ್ಕೂ, ರಕ್ತದ ಎಳೆ ಇಳಿಯಿತು. ಚಾಲಕ ಎರಡನೆಯ ಸಲ ಕೈ ಎತ್ತಿದ.

ನಾನು ಹೋಗಿ ಹಿಡಿದೆ. ಹಿಂದಿನಿಂದ, ಕಂಕುಳಡಿ ಕೈ ತೂರಿಸಿ, ಕತ್ತಿನ ಹಿಂದೆ ಬೆರಳು ಹೆಣೆದು. ಪೌರತ್ವದ ಕಡತ, ಬೆನ್ನುನೋವು, ರಕ್ತದೊತ್ತಡ, ಒಂದೂ ನೆನಪಾಗಲಿಲ್ಲ. ಚಾಲಕ ನನ್ನ ಮನುಷ್ಯ, ಆದ್ದರಿಂದ ನಾನು ಅವನನ್ನು ಹಿಡಿದೆ. ಹಿಡಿದು, ಆ ಕಡೆಯವನನ್ನು ಹಿಡಿಯುವವರಿಗಾಗಿ ಕಾದೆ.

ಯಾರೂ ಬರಲಿಲ್ಲ. ಅಂಗಳದಲ್ಲಿ ಹತ್ತು ಹನ್ನೆರಡು ಜನ ಇದ್ದರು. ಎಲ್ಲರೂ ತಟ್ಟೆ ಹಿಡಿದುಕೊಂಡು ಹಿಂದೆ ಸರಿದಿದ್ದರು. ಶಿಕ್ಷಕಿ ಫೋನಿನಲ್ಲಿ ಪೊಲೀಸರಿಗೆ ರಸ್ತೆಯ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳುತ್ತಿದ್ದರು. ಇಲ್ಲಿಯ ರೀತಿ ಅದು, ತಪ್ಪೇನಲ್ಲ.

ಟೈಲ್ಸ್‌ನವನು ಬೆಂಚಿನ ಮೇಲಿದ್ದ ಬಿಯರ್ ಬಾಟಲಿ ತೆಗೆದುಕೊಂಡ. ತುಂಬಿದ ಬಾಟಲಿ. ಒಂದು ಸಲ ಹೊಡೆದ. ಮತ್ತೊಂದು ಸಲ. ಮೂರನೆಯದಕ್ಕೆ ಬಾಟಲಿ ಒಡೆಯಿತು. ಮೂರು ಪೆಟ್ಟೂ ಚಾಲಕನ ಬೆನ್ನಿನ ಮೂಲಕ ನನ್ನ ಎದೆಗೆ ಬಂದವು. ಎಡಗಣ್ಣಿನ ಮೇಲಿನ ಚರ್ಮ ತೆರೆದುಕೊಂಡು ಬಿಳಿಯದೇನೋ ಕಂಡಿತು. ಬಿಯರು, ರಕ್ತ ನನ್ನ ಕನ್ನಡಕದ ಮೇಲೆಲ್ಲ. ಅವನು ಕೈ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದ, ಹೊಡೆಯಲಿಕ್ಕಲ್ಲ, ಮುಖ ಮುಚ್ಚಿಕೊಳ್ಳಲಿಕ್ಕೆ. ನಾನು ಕನ್ನಡದಲ್ಲಿ "ಹಿಡೀರಿ, ಅಂವನ್ನ ಹಿಡೀರಿ" ಎಂದು ಕೂಗುತ್ತಲೇ ಇದ್ದೆ. ಬೆರಳು ಮಾತ್ರ ಸಡಿಲಿಸಲಿಲ್ಲ.

ಪೊಲೀಸರು ಬಂದಾಗ ನಕ್ಷೆ ನನ್ನದು, ಪೆನ್ನು ನನ್ನದು ಎಂದೆ. ಆಮೇಲೆ? ಆಮೇಲೆ ಜಗಳ ಬಿಡಿಸಲು ಹೋದೆ ಎಂದೆ. ಅವರು ಅದನ್ನು 'ಸಮಾಧಾನ ಮಾಡಲು ಯತ್ನಿಸಿದರು' ಎಂಬರ್ಥದ ಗೌರವದ ಜರ್ಮನ್ ಪದದಲ್ಲಿ ಬರೆದುಕೊಂಡರು. ನಾನು ತಿದ್ದಲಿಲ್ಲ. ಗಡಿ ತಿದ್ದುವವನು ಅದನ್ನು ತಿದ್ದಲಿಲ್ಲ.

ಚಾಲಕನ ಕಣ್ಣು ಉಳಿಯಿತು, ಸುತ್ತಲಿನ ಮೂಳೆ ಬಿರುಕು ಬಿಟ್ಟಿತ್ತು. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದಾಯಿತು. ಮೊದಲು ಹೊಡೆದವನು ಅವನೇ, ಎಲ್ಲರೂ ಕಂಡಿದ್ದರು. ಬೀದಿಜಗಳದವನನ್ನು ಟ್ರಾಮಿನಲ್ಲಿ ಕೂರಿಸುವುದು ಹೇಗೆ ಎಂದು ಮೇಲಿನವರು ವಿಚಾರಣೆ ಮುಗಿಯುವ ತನಕ ಅವನನ್ನು ಕೆಲಸದಿಂದ ಹೊರಗಿಟ್ಟರು. ಟೈಲ್ಸ್‌ನವನು, ಚಾಲಕ ಎರಡೂ ಕೈಯಿಂದ ಹೊಡೆಯುತ್ತಲೇ ಇದ್ದ, ಜೀವ ಉಳಿಸಿಕೊಳ್ಳಲು ಬಾಟಲಿ ಎತ್ತಿದೆ ಎಂದು ಬರೆಸಿದ್ದ. ಹಿಂದೆ ಸರಿದಿದ್ದವರಿಗೆ ಆಮೇಲಿನ ಗದ್ದಲವಷ್ಟೇ ಕಂಡಿತ್ತು. ಆ ಹೊತ್ತಿಗೆ ಚಾಲಕನ ಎರಡು ಕೈಗಳು ಎಲ್ಲಿದ್ದವು ಎಂಬುದು ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ.

ಚಾಲಕನ ಹೆಂಡತಿ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. "ನೀನು ಅವನನ್ನು ಹಿಡಿದಿದ್ದೆ. ಹೋಗಿ ಹೇಳು. ಅವನಿಗೆ ಬೇರೆ ಕೆಲಸ ಬರುವುದಿಲ್ಲ."

"ನಾನು ಬಿಡಿಸಲು..."

"ಹಿಡಿದಿದ್ದೆ," ಎಂದು ಇಳಿದು ಹೋದಳು.

ನನ್ನ ಹೆಂಡತಿ ಅಂಗಿಯ ರಕ್ತದ ಕಲೆಯನ್ನು ಮೂರನೆಯ ಸಲ ತಣ್ಣೀರಿನಲ್ಲಿ ತಿಕ್ಕುತ್ತಿದ್ದಳು. "ಹೇಳಿದ್ರ ನೀವೂ ಕೂಡೇ ಹೊಡದಂಗ ಆಗ್ತದ," ಎಂದಳು. ನಾನು ಅದಾಗಲೇ ಇಂಟರ್ನೆಟ್ಟಿನಲ್ಲಿ ಓದಿಯಾಗಿತ್ತು. ಇಬ್ಬರು ಸೇರಿ ಒಬ್ಬನನ್ನು ಹೊಡೆದರೆ ಕಾನೂನು ಬೇರೆಯೇ ಕಣ್ಣಿನಿಂದ ನೋಡುತ್ತದೆ. ಮಗಳು ತನ್ನ ಕೋಣೆಯ ಬಾಗಿಲಲ್ಲಿ ನಿಂತು, "ನಾನು ಬಾಲ್ಕನಿಯಿಂದ ನೋಡಿದೆ, ಪಪ್ಪಾ," ಎಂದು ಜರ್ಮನ್‌ನಲ್ಲಿ ಹೇಳಿದಳು. ನಾನು ರಾತ್ರಿಗೊಂದರಂತೆ ಕಾರಣ ಹುಡುಕಿದೆ. ಚಾಲಕ ಮೊದಲು ಹೊಡೆದನಲ್ಲ. ನನ್ನನ್ನು ಯಾರೂ ಕೇಳಲಿಲ್ಲವಲ್ಲ. ಕಡತ ಈ ತಿಂಗಳು ಬರಬಹುದಲ್ಲ.

ನಾಲ್ಕನೆಯ ವಾರ ಟೈಲ್ಸ್‌ನವನು ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿದ. ಮುಂದಿನ ಎರಡು ಹಲ್ಲಿರಲಿಲ್ಲ. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಟೈಲ್ ಅಂಟಿನಿಂದ ಒರಟಾದ ಕೈ. "ಷೆಫ್, ನೀನು ಅವತ್ತು ಅವನನ್ನು ನನಗಾಗಿ ಹಿಡಿದೆ. ನಾನು ಮರೆಯುವುದಿಲ್ಲ. ನೀನೂ ಗಡಿಯವನು, ನಿನಗೆ ಗೊತ್ತು." ಅವನ ಕಣ್ಣು ಒದ್ದೆಯಾಗಿತ್ತು.

ಚಾಲಕನೂ ಇವನೂ ಬೇರೆ ಯಾವುದಕ್ಕೂ ಒಪ್ಪದವರು, ಇದೊಂದಕ್ಕೆ ಒಪ್ಪಿದ್ದರು: ಹೊಡೆಯಲು ಅನುಕೂಲವಾಗಲಿ ಎಂದು ನಾನು ಹಿಡಿದುಕೊಟ್ಟೆ. ಮರುದಿನ ರಜೆ ಹಾಕಿ ಠಾಣೆಗೆ ಹೋದೆ.

ಅಧಿಕಾರಿ ಒಬ್ಬ ಹೆಂಗಸು, ನನ್ನ ಮಾತಿಗಿಂತ ನಿಧಾನವಾಗಿ ಟೈಪ್ ಮಾಡುತ್ತಿದ್ದಳು. ಹಿಡಿದಿರಾ? ಹೌದು. ಹಿಂದಿನಿಂದ? ಹೌದು. ಎರಡೂ ತೋಳು? ಹೌದು. ಮೊದಲ ಪೆಟ್ಟು ಬಿದ್ದ ಮೇಲೂ? ಹೌದು. ಯಾಕೆ ಬಿಡಲಿಲ್ಲ?

"ಆ ಇನ್ನೊಬ್ಬನನ್ನು ಹಿಡಿಯಲು ಯಾರಾದರೂ ಬರುತ್ತಾರೆ ಎಂದು ಕಾದೆ."

"ಯಾರು?"

"ಯಾರಾದರೂ."

ಅವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. ಬಿಡಿಸುವುದು ಎಂದರೇನೆಂದು ಹೇಳಲು ಹೋದೆ. ನಕ್ಷೆಗೂ ಜಗಳಕ್ಕೂ ಶೇಂಗಾಕ್ಕೂ ನಮ್ಮಲ್ಲಿ ಒಂದೇ ಪದ, ಹಿಡಿಯದೆ ಬಿಡಿಸಲು ಬರುವುದಿಲ್ಲ, ನಮ್ಮವನನ್ನು ನಾವು ಹಿಡಿಯುವುದು ರೂಢಿ. ಅವಳು ಸಹಾನುಭೂತಿಯಿಂದಲೇ ಕೇಳಿದಳು, ಬರೆದುಕೊಳ್ಳಲಿಲ್ಲ. ಕೊನೆಗೆ ಓದಿ ಸಹಿ ಮಾಡಲು ಕೊಟ್ಟ ಹಾಳೆಯಲ್ಲಿದ್ದದ್ದು ಇಷ್ಟು: ಬಾಟಲಿಯ ಮೂರೂ ಪೆಟ್ಟು ಬೀಳುವಾಗ ಗಾಯಾಳುವನ್ನು ಸಾಕ್ಷಿಯು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಿದ್ದನು. ತಿದ್ದಲು ಏನೂ ಇರಲಿಲ್ಲ. ಸಹಿ ಮಾಡಿದೆ.

ಆಮೇಲೆ ನನ್ನ ಮೇಲೂ ಒಂದು ವಿಚಾರಣೆ ತೆರೆಯಿತು. ಅದು ಮುಚ್ಚಿದೆ ಎಂಬ ಪತ್ರ ಬರುವಷ್ಟರಲ್ಲಿ ಮತ್ತೊಂದು ಬೇಸಿಗೆ ಬಂದಿತ್ತು. ಪೌರತ್ವದ ಕಡತ ಅಷ್ಟರ ತನಕ ಕದಲಲಿಲ್ಲ, ಪಾಸ್‌ಪೋರ್ಟ್ ಇನ್ನೂ ನನ್ನ ಬಳಿಯೇ ಇದೆ. ಟೈಲ್ಸ್‌ನವನಿಗೆ ಶಿಕ್ಷೆಯಾಯಿತು. ಮನೆ ಖಾಲಿ ಮಾಡುವ ದಿನ ನಮ್ಮ ಬಾಗಿಲ ಮುಂದೆ ನಿಂತು ಒಂದು ಸಲ ನನ್ನ ಮುಖ ನೋಡಿದ. ಷೆಫ್ ಎನ್ನಲಿಲ್ಲ. ಬಚ್ಚಲಮನೆಯಲ್ಲಿ ಅವನು ಕೂರಿಸಿದ ಟೈಲ್ ಮಾತ್ರ ಉಳಿದವುಗಳಿಗಿಂತ ನೆಟ್ಟಗಿದೆ.

ಚಾಲಕನನ್ನು ಟ್ರಾಮಿಗೆ ವಾಪಸ್ಸು ಕರೆದರು. ಮೊದಲ ವಾರ ಅವನ ಸಮಯ ತಪ್ಪಿಸಿ ಬೇರೆ ಟ್ರಾಮಿನಲ್ಲಿ ಹೋದೆ. ಎರಡನೆಯ ವಾರ ತಡವಾಯಿತು, ಚೀಲ ಎದೆಗವಚಿಕೊಂಡು ಓಡಿದೆ. ಟ್ರಾಮ್ ನಿಂತಿತ್ತು. ಮುಂದಿನ ಬಾಗಿಲಲ್ಲಿ ಹತ್ತಿ ಅವನ ಹಿಂದೆ ನಿಂತೆ. ಎಡಹುಬ್ಬು ಇದ್ದಲ್ಲಿ ಚರ್ಮ ಬಿಗಿದು ಹೊಳೆಯುತ್ತಿತ್ತು, ಆ ರೆಪ್ಪೆ ಪೂರ್ತಿ ಏಳುತ್ತಿರಲಿಲ್ಲ.

"ನಮ್ಮೂರಲ್ಲಿ ನಮ್ಮವರನ್ನೇ ಹಿಡಿಯುವುದು," ಎಂದೆ. "ನೀನು ನಮ್ಮವನು ಅಂತ ಹಿಡಿದೆ."

ಮುಂದಿನ ಸಿಗ್ನಲ್ಲಿಗೆ ಅವನು ಟ್ರಾಮ್ ನಿಲ್ಲಿಸಿದ.

"ನಾಖ್‌ಬಾರ್," ಎಂದ, ಹಳಿಯಿಂದ ಕಣ್ಣು ತೆಗೆಯದೆ. "ಮುಂದಿನ ಸಲ ಎದುರಿನವನನ್ನು ಹಿಡಿ."

"ಹೂಂ," ಎಂದೆ.